ಮೂರನೆಯವರ ಮತ ಎಲ್ಲಿಗೆ ಹೋಯಿತು ಅನ್ನೋದೇ ಲೆಕ್ಕ

ಪ್ರಶ್ನೆ: ಬೇಲೂರು ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಕ್ಷವೊಂದರ ಬೂತ್ ಕೆಲಸ ನೋಡಿಕೊಳ್ಳುತ್ತೇನೆ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ ಬಂದು 104 ಸೀಟು ಸಿಕ್ಕಿತು. 2023ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಮತ, ಸೀಟು ಮಾತ್ರ 66. ಇದು ಹೇಗೆ? ರಾಜ್ಯ ಮಟ್ಟದಲ್ಲಿ ‘ರಣತಂತ್ರ’ ಅಂತ ಏನೇನೋ ಮಾಡುತ್ತಾರೆ, ಅದು ನಮ್ಮ ಬೂತಿಗೆ ಬರುವಷ್ಟರಲ್ಲಿ ಬರೀ ಬಾವುಟ, ಕರಪತ್ರ ಆಗಿರುತ್ತದೆ. ರಾಜ್ಯವಿಡೀ ಮತದಾರರನ್ನು ಒಲಿಸಿಕೊಳ್ಳುವ ತಂತ್ರ ಅಂದರೆ ನಿಜಕ್ಕೂ ಏನು? ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಿಜೆಪಿಯ ಅಂಕಿಯಲ್ಲಿ ಸಿಗುವುದಿಲ್ಲ, ಪಕ್ಕದ ಎರಡು ಸಾಲು ನೋಡಬೇಕು. 2018ರಲ್ಲಿ ಜೆಡಿಎಸ್‌ಗೆ ಶೇ 18.3 ಮತ, 37 ಸೀಟು. 2023ರಲ್ಲಿ ಶೇ 13.3 ಮತ, 19 ಸೀಟು. ಕಾಂಗ್ರೆಸ್ ಶೇ 38.1ರಿಂದ 42.9ಕ್ಕೆ ಏರಿತು, ಅದರ ಸೀಟು 80ರಿಂದ 135ಕ್ಕೆ ಹೋಯಿತು. ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ. 2013ರಲ್ಲಿ ಕಾಂಗ್ರೆಸ್ ಶೇ 36.6 ಮತಕ್ಕೇ 122 ಸೀಟು ಗೆದ್ದು ಸರ್ಕಾರ ಮಾಡಿತು. ಯಾಕೆಂದರೆ ಆ ಸಲ ಬಿಜೆಪಿ ಬಿಟ್ಟಿದ್ದ ಯಡಿಯೂರಪ್ಪನವರ ಕೆಜೆಪಿ ಪಕ್ಷ ಶೇ 9.8ರಷ್ಟು ಮತ ತೆಗೆದುಕೊಂಡಿತ್ತು, ಬಿಜೆಪಿ ಶೇ 19.9ಕ್ಕೆ ಕುಸಿದಿತ್ತು. ಅಲ್ಲಿಗೆ ಅದೇ ಶೇ 36ರ ಆಸುಪಾಸಿನ ಮತಕ್ಕೆ ಒಮ್ಮೆ 122, ಒಮ್ಮೆ 104, ಒಮ್ಮೆ 66. ಎದುರಿಗಿರುವವರು ಎಷ್ಟು ಚೂರಾಗಿದ್ದಾರೆ ಅನ್ನೋದರ ಮೇಲೆ ನಿಮ್ಮ ಮತದ ಬೆಲೆ ಏರುತ್ತದೆ, ಇಳಿಯುತ್ತದೆ.

ಜೆಡಿಎಸ್ ಕಳೆದುಕೊಂಡ ಮತವೆಲ್ಲ ಹಾಗೇ ಎತ್ತಿ ಕಾಂಗ್ರೆಸ್ಸಿಗೆ ಹಾಕಿದಂತೆ ಹೋಯಿತು ಅಂತ ಮಾತ್ರ ತಿಳಿಯಬೇಡಿ. 2023ರಲ್ಲಿ ಬಿಜೆಪಿ ಹಳೇ ಮೈಸೂರು ಭಾಗದಲ್ಲಿ ಹೊಸ ಮತ ಗಳಿಸಿತು, ಕಿತ್ತೂರು ಕರ್ನಾಟಕ ಮತ್ತು ಮಧ್ಯ ಕರ್ನಾಟಕದಲ್ಲಿ ಹಳೇ ಮತ ಕಳೆದುಕೊಂಡಿತು. ಒಟ್ಟು ಕೂಡಿದರೆ ತಕ್ಕಡಿ ಸಮ. ಆದರೆ ಮೂರನೇ ಸ್ಥಾನದಲ್ಲಿದ್ದ ಕ್ಷೇತ್ರದಲ್ಲಿ ಹತ್ತು ಸಾವಿರ ಮತ ಹೆಚ್ಚಿದರೆ ಅಲ್ಲಿ ಸೀಟು ಬರುವುದಿಲ್ಲ, ಮೊದಲ ಸ್ಥಾನದಲ್ಲಿದ್ದ ಕಡೆ ಐದು ಸಾವಿರ ಕಮ್ಮಿಯಾದರೆ ಸೀಟು ಹೋಗುತ್ತದೆ. ರಾಜ್ಯ ಮಟ್ಟದ ತಂತ್ರದ ತಿರುಳು ಇಷ್ಟೇ: ಮತ ಎಷ್ಟು ಬೇಕು ಅನ್ನೋದಕ್ಕಿಂತ ಎಲ್ಲಿ ಬೇಕು, ಮತ್ತು ಅಲ್ಲಿ ಮೂರನೆಯವರು ಯಾರು.

224 ಕ್ಷೇತ್ರದಲ್ಲಿ ಬಹುಮತಕ್ಕೆ 113 ಸಾಕು. ತಿಳಿದ ಪಕ್ಷ ಹಿಂದಿನ ಫಲಿತಾಂಶ ಹಿಡಿದು ಮೊದಲು ಕ್ಷೇತ್ರಗಳನ್ನು ಬೇರೆ ಬೇರೆ ಗುಡ್ಡೆ ಮಾಡಿಕೊಳ್ಳುತ್ತದೆ. ಗಾಳಿ ಎದುರಿಗಿದ್ದರೂ ಗೆಲ್ಲುವಂಥವು, ಏನು ಮಾಡಿದರೂ ಆಗದವು, ಐದು ಸಾವಿರದ ಒಳಗಿನ ಅಂತರದಲ್ಲಿ ತೂಗಾಡುವವು. ದುಡ್ಡು, ನಾಯಕರ ಪ್ರವಾಸ, ಸಮೀಕ್ಷೆ ಎಲ್ಲ ಕೊನೇ ಗುಡ್ಡೆಗೆ ಹೋಗಬೇಕು. ಹೋಗುವುದಿಲ್ಲ. ಹೆಲಿಕಾಪ್ಟರ್ ಜನ ಸೇರುವ ಊರಿಗೇ ಇಳಿಯುತ್ತದೆ, ಜನ ಸೇರುವುದು ಆಗಲೇ ಬಲವಿರುವ ಕಡೆ. ಒಂದು ದೊಡ್ಡ ಸಮಾವೇಶ ಅಂದರೆ ನಿಮ್ಮಂಥ ಬೂತ್ ಕೆಲಸಗಾರರ ಮೂರು ದಿನ ಹೋಯಿತು ಅಂತಲೇ ಲೆಕ್ಕ. ಹಿಂದಿನ ದಿನ ಜನ ಹೊಂದಿಸಬೇಕು, ಆ ದಿನ ಬಸ್ ಹತ್ತಿಸಿ ಇಳಿಸಬೇಕು, ಮಾರನೇ ದಿನ ‘ನನ್ನನ್ನು ಕರೆಯಲಿಲ್ಲ’ ಅನ್ನುವವರನ್ನು ಸಮಾಧಾನ ಮಾಡಬೇಕು.

ತೂಗಾಡುವ ಕ್ಷೇತ್ರ ಹೇಗಿರುತ್ತದೆ ಅನ್ನೋದಕ್ಕೆ ನಿಮ್ಮ ಪಕ್ಕದ ಮೂಡಿಗೆರೆಗಿಂತ ಒಳ್ಳೇ ಪಾಠ ಇಲ್ಲ. 2023ರಲ್ಲಿ ನಾಮಪತ್ರ ಸಲ್ಲಿಕೆ ಏಪ್ರಿಲ್ 13ರಿಂದ 20ರವರೆಗೆ, ಮತದಾನ ಮೇ 10ಕ್ಕೆ. ಬಿಜೆಪಿ 189 ಹೆಸರಿನ ಮೊದಲ ಪಟ್ಟಿ ಬಿಟ್ಟದ್ದು ಏಪ್ರಿಲ್ 11ಕ್ಕೆ, ಎರಡನೆಯದನ್ನು ಮಾರನೇ ರಾತ್ರಿ. ಮೂಡಿಗೆರೆಯ ಹಾಲಿ ಶಾಸಕ ಎಂ.ಪಿ. ಕುಮಾರಸ್ವಾಮಿಯವರಿಗೆ ಟಿಕೆಟ್ ಇಲ್ಲ, ದೀಪಕ್ ದೊಡ್ಡಯ್ಯನವರಿಗೆ ಸಿಕ್ಕಿತು. ಕುಮಾರಸ್ವಾಮಿ ಪಕ್ಷ ಬಿಟ್ಟು ಜೆಡಿಎಸ್‌ನಿಂದ ನಿಂತರು, 26 ಸಾವಿರದಷ್ಟು ಮತ ಪಡೆದು ಮೂರನೆಯವರಾದರು. ಕಾಂಗ್ರೆಸ್ಸಿನ ನಯನಾ ಮೋಟಮ್ಮ ಗೆದ್ದ ಅಂತರ 722. ಬೂತಿಗೆ ಹಂಚಿದರೆ ಮೂರು, ನಾಲ್ಕು ಮತ. ಹಾಲಿ ಶಾಸಕರ ಮೇಲೆ ಬೇಸರ ಇತ್ತು, ಬದಲಾಯಿಸಿದ್ದೇ ಸರಿ ಅನ್ನುವವರು ಆ ಪಕ್ಷದಲ್ಲೇ ಇದ್ದಾರೆ. ಇರಬಹುದು. ಬದಲಾಯಿಸುವುದೇ ಆದರೆ ಆರು ತಿಂಗಳು ಮೊದಲು ಹೇಳಿ, ಕೂರಿಸಿ, ಬೇರೊಂದು ದಾರಿ ತೋರಿಸಬೇಕಿತ್ತು.

ಪಟ್ಟಿ ತಡ ಮಾಡುವುದಕ್ಕೂ ಒಂದು ತರ್ಕ ಉಂಟು. ಬಂಡಾಯಗಾರನಿಗೆ ಓಡಾಡಲು ಸಮಯ ಸಿಗಬಾರದು ಅಂತ. ಆದರೆ ಅವನನ್ನು ಹತ್ತಿಸಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ಬಸ್ ನಿಂತಿದ್ದರೆ ಆ ತರ್ಕ ಕೆಲಸಕ್ಕೆ ಬರುವುದಿಲ್ಲ. ಕಾಂಗ್ರೆಸ್ ಮಾರ್ಚ್ 25ಕ್ಕೇ, ಚುನಾವಣಾ ವೇಳಾಪಟ್ಟಿ ಬರುವ ನಾಲ್ಕು ದಿನ ಮೊದಲು, 124 ಹೆಸರು ಘೋಷಿಸಿ ಉಳಿದವನ್ನು ಕೈಯಲ್ಲಿಟ್ಟುಕೊಂಡಿತ್ತು. ಬಿಜೆಪಿಯಲ್ಲಿ ಟಿಕೆಟ್ ಸಿಗದ ಜಗದೀಶ ಶೆಟ್ಟರ್, ಲಕ್ಷ್ಮಣ ಸವದಿ ಆ ಕಡೆ ಹೋಗಲು ಜಾಗ ಇದ್ದದ್ದು ಹೀಗೆ. ಚಿಕ್ಕಮಗಳೂರಿನಲ್ಲಿ ಎಚ್.ಡಿ. ತಮ್ಮಯ್ಯ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದು ಇನ್ನೂ ಮೊದಲೇ, ಫೆಬ್ರುವರಿಯಲ್ಲಿ. ಸಿ.ಟಿ. ರವಿಯವರನ್ನು ಅವರು ಸೋಲಿಸಿದರು. ಅರಸೀಕೆರೆಯಲ್ಲಿ ಶಿವಲಿಂಗೇಗೌಡರು ಜೆಡಿಎಸ್ ಬಿಟ್ಟು ಕಾಂಗ್ರೆಸ್‌ನಿಂದ ಗೆದ್ದರು, ಮತ ಅವರ ಹಿಂದೆಯೇ ಹೋಯಿತು. ಕಡೂರಿನಲ್ಲಿ ವೈ.ಎಸ್.ವಿ. ದತ್ತ ಜೆಡಿಎಸ್‌ನಿಂದ ಕಾಂಗ್ರೆಸ್ಸಿಗೆ ಹೋಗಿ, ಟಿಕೆಟ್ ಸಿಗದೆ ಮತ್ತೆ ಜೆಡಿಎಸ್‌ಗೆ ಬಂದು ನಿಂತರು, ಸೋತರು. ಪಕ್ಷ ಬಿಟ್ಟವನ ಹಿಂದೆ ಎಷ್ಟು ಮತ ಹೋಗುತ್ತದೆ ಅನ್ನೋದಕ್ಕೆ ಸೂತ್ರ ಇಲ್ಲ. ಬೂತ್ ಮಟ್ಟದಲ್ಲಿ ಅವನ ಜೊತೆ ಯಾರು ಯಾರು ಹೊರಟರು ಅಂತ ಹೆಸರು ಹಿಡಿದು ಎಣಿಸಿದರೆ ಅಂದಾಜು ಸಿಗುತ್ತದೆ. ಬಾವುಟ ಬದಲಾಯಿಸಿದ ಕಾರು ಎಣಿಸಿದರೆ ಸಿಗುವುದಿಲ್ಲ.

ಮೀಸಲು ಕ್ಷೇತ್ರದ ಬಗ್ಗೆ ಒಂದು ಮಾತು, ಮೂಡಿಗೆರೆ, ಸಕಲೇಶಪುರ ಎರಡೂ ಮೀಸಲಾದ್ದರಿಂದ. ಅಲ್ಲಿ ಎಲ್ಲ ಪಕ್ಷದ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರೇ, ಹಾಗಾಗಿ ಆ ಮತ ಹಂಚಿಹೋಗುತ್ತದೆ. ಅಭ್ಯರ್ಥಿಯ ಸಮುದಾಯಕ್ಕಿಂತ ಉಳಿದ ಸಮುದಾಯದ ತೋಟದ ಯಜಮಾನರು, ಸೊಸೈಟಿ ನಿರ್ದೇಶಕರು ಯಾರ ಜೊತೆ ಓಡಾಡುತ್ತಾರೆ ಅನ್ನೋದೇ ಅಲ್ಲಿ ಹೆಚ್ಚು ತೂಗುತ್ತದೆ. ಬೆಂಗಳೂರಿನಲ್ಲಿ ಕೂತು ಜಾತಿ ಕೋಷ್ಟಕ ಹಿಡಿದು ಅಭ್ಯರ್ಥಿ ಆರಿಸುವವರು ಎಡವುವುದು ಇಲ್ಲೇ.

ಇನ್ನು ಸಂದೇಶ. 2023ರಲ್ಲಿ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳು ರಾಜ್ಯವಿಡೀ ಒಂದೇ ಆಗಿದ್ದವು. 200 ಯೂನಿಟ್ ಕರೆಂಟು, ಮನೆಯೊಡತಿಗೆ 2,000 ರೂಪಾಯಿ, 10 ಕೆಜಿ ಅಕ್ಕಿ, ಮಹಿಳೆಯರಿಗೆ ಉಚಿತ ಬಸ್, ಪದವೀಧರರಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿ. ಮನೆಯಲ್ಲಿ ಕೂತು ಬೆರಳಲ್ಲಿ ಎಣಿಸಿ, ‘ನಮಗೆ ತಿಂಗಳಿಗೆ ಇಷ್ಟು’ ಅಂತ ಹೇಳಲು ಬರುವಂಥ ಮಾತು ಅದು. ಅದೇ ಸಲ ಬಿಜೆಪಿ ಪ್ರಣಾಳಿಕೆಯಲ್ಲೂ ಬಡ ಕುಟುಂಬಕ್ಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು ಇತ್ತು. ಬಂದದ್ದು ಮೇ ಒಂದಕ್ಕೆ, ಮತದಾನಕ್ಕೆ ಒಂಬತ್ತು ದಿನ ಇದ್ದಾಗ. ಕಾಂಗ್ರೆಸ್ಸಿನ ಮೊದಲೆರಡು ಗ್ಯಾರಂಟಿ, ಕರೆಂಟು ಮತ್ತು 2,000 ರೂಪಾಯಿ, ಜನವರಿಯಲ್ಲೇ ಘೋಷಣೆಯಾಗಿದ್ದವು. ಜನವರಿಯಲ್ಲಿ ಮನೆಗೆ ಬಂದ ಮಾತಿಗೂ ಮೇ ತಿಂಗಳಲ್ಲಿ ಬಂದ ಮಾತಿಗೂ ನಾಲ್ಕು ತಿಂಗಳ ಬಾಯಿಪ್ರಚಾರದ ವ್ಯತ್ಯಾಸ.

ಆದರೆ ರಾಜ್ಯದ ಒಂದು ಮಾತಿನ ಜೊತೆ ಊರಿನ ಒಂದು ಮಾತು ಸೇರದಿದ್ದರೆ ಅಂಟುವುದಿಲ್ಲ. ನಿಮ್ಮ ಹಾಸನ, ಪಕ್ಕದ ಚಿಕ್ಕಮಗಳೂರು, ಈ ಎರಡು ಜಿಲ್ಲೆಯನ್ನೇ ನೋಡಿ. ಕೊಪ್ಪ, ಶೃಂಗೇರಿ ಕಡೆ ಅಡಿಕೆಯ ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಒತ್ತುವರಿ, ಮೀಸಲು ಅರಣ್ಯ ಮಾಡುವ ಮೊದಲು ಹೊರಡಿಸುವ ಸೆಕ್ಷನ್ 4 ಅಧಿಸೂಚನೆ. ಸಕಲೇಶಪುರ, ಆಲೂರು, ಬೇಲೂರಿನ ಪಶ್ಚಿಮದಲ್ಲಿ ಕಾಡಾನೆ. ಚನ್ನರಾಯಪಟ್ಟಣದಲ್ಲಿ ಹಾಲಿನ ದರ. ಕಡೂರು, ಅರಸೀಕೆರೆಯಲ್ಲಿ ಕೆರೆಗೆ ನೀರು ಮತ್ತು ಕೊಬ್ಬರಿ ಬೆಲೆ. ಕಡೂರಿನಲ್ಲಿ ಆನೆ ಕಂದಕದ ಮಾತಾಡಿದರೆ ನಗುತ್ತಾರೆ, ಕೊಪ್ಪದಲ್ಲಿ ಕೊಬ್ಬರಿ ಮಾತಾಡಿದರೆ ಆಕಳಿಸುತ್ತಾರೆ. ಊರ ಮಾತಿಗೂ ವಾಯಿದೆ ಇರುತ್ತದೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ರಾಜ್ಯ ಸೇರಿಸಿದ್ದು 1,500. ಆಗ ಅದು ದೊಡ್ಡ ವಿಷಯ. ಮರುವರ್ಷ ಮಾರುಕಟ್ಟೆ ಬೆಲೆ ಬೆಂಬಲ ಬೆಲೆಯನ್ನು ಬಹಳ ಮೀರಿ ಹೋಯಿತು. ಹಳೇ ಕರಪತ್ರವನ್ನೇ ಮತ್ತೆ ಅಚ್ಚು ಹಾಕಿಸಿದವರು ಕಾಗದ ಹಾಳು ಮಾಡಿದಂತೆ. (ಇನ್ನೊಂದು ತಮಾಷೆ: ಕಡೂರು ಚಿಕ್ಕಮಗಳೂರು ಜಿಲ್ಲೆಯದಾದರೂ ಲೋಕಸಭೆಗೆ ಹಾಸನದ ಪಾಲು. ಉಳಿದ ನಾಲ್ಕು ಕ್ಷೇತ್ರ ಉಡುಪಿ ಜೊತೆ. ಒಂದೇ ಜಿಲ್ಲಾ ಸಮಿತಿ ಇಬ್ಬರು ಅಭ್ಯರ್ಥಿಗಳಿಗೆ ದುಡಿಯಬೇಕು.)

ಈಗ ನಿಮ್ಮ ಬೂತಿಗೆ ಬರೋಣ. ಲೆಕ್ಕ ಸುಲಭವಾಗಲಿ ಅಂತ ಎರಡು ಲಕ್ಷ ಮತದಾರರು, 250 ಬೂತಿನ ಕ್ಷೇತ್ರ ಅಂದುಕೊಳ್ಳಿ. ಬೂತಿಗೆ 800 ಜನ. ಶೇ 78 ಮತದಾನವಾದರೆ 624 ಮತ ಬಿದ್ದವು. ಬೇಲೂರಿನಂತೆ ಮೂವರ ನಡುವೆ ಜಗ್ಗಾಟವಿದ್ದರೆ ಶೇ 40 ಸಿಕ್ಕರೆ ಗೆಲುವು, ಅಂದರೆ ಬೂತಿಗೆ 250. ಮೂರನೆಯವರು ಕುಸಿದು ನೇರ ಸ್ಪರ್ಧೆಯಾದರೆ ಶೇ 48 ಬೇಕು, ಅಂದರೆ 300. ಹೋದ ಸಲ 255 ತಂದು ಗೆಲ್ಲಿಸಿದ ಬೂತ್ ಅಧ್ಯಕ್ಷ ಈ ಸಲವೂ 255 ತಂದು ಸೋಲಿಸುತ್ತಾನೆ, ತನ್ನದೇನೂ ತಪ್ಪಿಲ್ಲ ಅಂತಾನೆ. ನೀವು ಕೇಳಿದ ಶೇ 36ರ ಒಗಟು ಬೂತಿನಲ್ಲಿ ಕಾಣುವುದು ಹೀಗೆ.

ಆದ್ದರಿಂದ ಮೊದಲ ಕೆಲಸ ನಮೂನೆ 20 ತೆಗೆಯುವುದು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅನ್ನುವ ಅಂತಿಮ ಫಲಿತಾಂಶದ ಪಟ್ಟಿ ಅದು, ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. 2018 ಮತ್ತು 2023ರ ವಿಧಾನಸಭೆ, 2024ರ ಲೋಕಸಭೆ, ಮೂರನ್ನೂ ಪಕ್ಕಪಕ್ಕ ಇಡಿ. ಇಲ್ಲೊಂದು ಗುಂಡಿ ಇದೆ. ಬೂತ್ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಮತದಾರರು ಹೆಚ್ಚಾದರೆ ಬೂತ್ ಒಡೆಯುತ್ತಾರೆ. ಮೊದಲು ಒಂದು ಬೂತಿಗೆ 1,500ರವರೆಗೆ ಬಿಡುತ್ತಿದ್ದರು, 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿತು. 2018ರ 94ನೇ ಬೂತು 2024ರಲ್ಲಿ 97 ಆಗಿರಬಹುದು. ಸಂಖ್ಯೆ ನೋಡದೆ ಶಾಲೆ, ಊರಿನ ಹೆಸರು ಹಿಡಿದು ಹೊಂದಿಸಿ. ಅಂಚೆ ಮತಗಳನ್ನು ಕೊನೆಯಲ್ಲಿ ಬೇರೆ ಸಾಲಿನಲ್ಲಿ ಕೊಟ್ಟಿರುತ್ತಾರೆ, ಅದನ್ನು ಬಿಡಬೇಡಿ. ಶೃಂಗೇರಿಯಲ್ಲಿ 2023ರಲ್ಲಿ ಘೋಷಣೆಯಾದ ಅಂತರ ಬರೀ 201. ಬೆಂಗಳೂರಿನ ಜಯನಗರದಲ್ಲಿ 16. ಇಂಥ ಕಡೆ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ನಮೂನೆ 12ಡಿ ತುಂಬಿಸಿ ಮನೆಯಿಂದಲೇ ಮತ ಹಾಕಿಸುವ ಕೆಲಸವೂ ಸೀಟಿನ ಕೆಲಸವೇ.

ಮೂರು ಸಾಲು ಪಕ್ಕಪಕ್ಕ ಇಟ್ಟಾಗ ಎರಡು ವಿಷಯ ಕಾಣಬೇಕು. ಒಂದು, ನಿಮ್ಮ ಬಲದ ಬೂತಿನಲ್ಲಿ ಮತದಾನದ ಪ್ರಮಾಣ ಕ್ಷೇತ್ರದ ಸರಾಸರಿಗಿಂತ ಕಮ್ಮಿ ಇದೆಯೇ. ನಿಮ್ಮವರೇ ಶೇ 70 ಇರುವ ಬೂತಿನಲ್ಲಿ ಬರೀ ಶೇ 65 ಮತದಾನವಾಗಿದ್ದರೆ ಅಲ್ಲಿ ಯಾರ ಮನಸ್ಸನ್ನೂ ತಿರುಗಿಸಬೇಕಿಲ್ಲ, ಬೆಂಗಳೂರಿಗೆ ದುಡಿಯಲು ಹೋದ ಹುಡುಗರಿಗೆ ಹದಿನೈದು ದಿನ ಮೊದಲೇ ಫೋನ್ ಮಾಡಬೇಕು. ಎರಡು, ಮೂರನೆಯವರ ಮತ ಯಾವ ಬೂತಿನಲ್ಲಿ ಕರಗಿದೆ, ಯಾರ ಕಡೆ ಸೇರಿದೆ. ಬೂತ್ ಅಧ್ಯಕ್ಷರಿಗೆ ಇದು ಬಾಯಲ್ಲಿ ಗೊತ್ತಿರುತ್ತದೆ, ಕಾಗದದ ಮೇಲೆ ಇರುವುದಿಲ್ಲ.

ಆಮೇಲೆ ಮತದಾರರ ಪಟ್ಟಿ. ಒಂದು ಪುಟದಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು, ಒಟ್ಟು 30 ಹೆಸರು. 800 ಜನರ ಬೂತಿಗೆ 27 ಪುಟ. ಪುಟಕ್ಕೊಬ್ಬ ಪೇಜ್ ಪ್ರಮುಖ್ ಅನ್ನುವ ಪದ್ಧತಿಯನ್ನು ಬಿಜೆಪಿ ದೇಶವಿಡೀ ತಂದಿತು, ಈಗ ಉಳಿದವರೂ ಬೇರೆ ಹೆಸರಿನಲ್ಲಿ ಮಾಡುತ್ತಾರೆ. ಕಾಗದದ ಮೇಲೆ 27 ಹೆಸರು ತುಂಬುತ್ತವೆ, ನಿಜಕ್ಕೂ ಮನೆ ಬಾಗಿಲಿಗೆ ಹೋಗುವವರು ಏಳೆಂಟು ಜನ. ಬಯಲುಸೀಮೆಯ ಒತ್ತೊತ್ತಾಗಿ ಕೂತ ಊರಿನಲ್ಲಿ 30 ಹೆಸರು ಅಂದರೆ ಒಂದು ಬೀದಿಯ ಏಳೆಂಟು ಮನೆ, ಹಾಗಾಗಿ ಅಲ್ಲಿ ಇದು ನಡೆಯುತ್ತದೆ. ಮಲೆನಾಡಿನಲ್ಲಿ ಅದೇ ಪುಟದ ಮನೆಗಳು ಮೂರು ಕಿಲೋಮೀಟರ್ ತೋಟದ ದಾರಿಯಲ್ಲಿ ಚೆಲ್ಲಿಕೊಂಡಿರುತ್ತವೆ. ಪುಟ ಹಿಡಿದು ಹೊರಟವನು ಎರಡು ದಿನದಲ್ಲಿ ಸುಸ್ತಾಗುತ್ತಾನೆ. ನಿಮ್ಮ ಕಡೆ ಪುಟ ಬಿಟ್ಟು ದಾರಿ ಹಿಡಿದು ಹಂಚಿ: ಈ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳು ಒಬ್ಬರಿಗೆ, ಆ ಕಾಲೊನಿ ಇನ್ನೊಬ್ಬರಿಗೆ, ಹೊಳೆಯಾಚೆಯ ಒಂಟಿ ಮನೆಗಳು ಬೈಕ್ ಇರುವವರಿಗೆ.

ಹೋಗುವ ಹೊತ್ತೂ ಮುಖ್ಯ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಲೈನ್ ಮನೆಗೆ ಹೋದರೆ ನಾಯಿ ಮಾತ್ರ ಸಿಗುತ್ತದೆ. ಸಂಜೆ ಐದರ ಮೇಲೆ, ಒಲೆ ಹಚ್ಚುವ ಹೊತ್ತಿಗೆ ಹೋಗಿ. ಚನ್ನರಾಯಪಟ್ಟಣದ ಕಡೆಯಾದರೆ ಬೆಳಿಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಸಾಲಿನಲ್ಲಿ ಅರ್ಧ ಗಂಟೆಯಲ್ಲಿ ಅರ್ಧ ಊರು ಸಿಗುತ್ತದೆ. ವಾಟ್ಸ್ಆ್ಯಪ್ ಗುಂಪಿನ ಮೇಲೆ ಪೂರ್ತಿ ನೆಚ್ಚಿಕೊಳ್ಳಬೇಡಿ. ಘಟ್ಟದ ಅಂಚಿನ ಎಷ್ಟೋ ಬೂತಿನಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.

ಪ್ರತಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಪೆನ್ನಿನಲ್ಲಿ ಬೇಡ. ಸಾಮಾನ್ಯವಾಗಿ ನಮ್ಮದು, ಅವರದು, ಗೊತ್ತಿಲ್ಲ ಅಂತ ಮೂರು ಗುರುತು ಇರುತ್ತವೆ. ನೀವು ನಾಲ್ಕನೆಯದೊಂದು ಸೇರಿಸಿ: ಹೋದ ಸಲ ಮೂರನೆಯವರಿಗೆ ಹಾಕಿದವರು. ಬೂತಿಗೆ ಬೇಕಾದ ಹೆಚ್ಚಿನ ಐವತ್ತು ಮತ ಈ ಗುಂಪಿನಲ್ಲೇ ಇದೆ. ಇವರು ನಿಮ್ಮ ವಿರೋಧಿಗಳಲ್ಲ, ಅವರ ಪಕ್ಷ ಈ ಸಲ ಗೆಲ್ಲುವುದಿಲ್ಲ ಅನ್ನಿಸಿದರೆ ಎರಡನೇ ಆಯ್ಕೆ ಹುಡುಕುವವರು. ಅವರ ಮನೆಗೆ ಹೋಗಿ ಅವರ ನಾಯಕನನ್ನು ಬೈದರೆ ಕೆಲಸ ಕೆಟ್ಟಿತು.

ಗುರುತು ಸುಳ್ಳಾಗುವುದೇ ಹೆಚ್ಚು. ಊರ ಮುಖಂಡನ ಜಗಲಿಯ ಮೇಲೆ ಕೂತು, ‘ಇವೆಲ್ಲ ನಮ್ಮದೇ ಬರ್ಕೊ’ ಅಂತ ಅವನು ಹೇಳಿದ್ದನ್ನು ಬರೆದುಕೊಂಡು ಬರುತ್ತಾರೆ. ಹಿಡಿಯುವುದು ಸುಲಭ. ‘ನಮ್ಮದು’ ಗುರುತಿನ ಮೊತ್ತವನ್ನು ನಮೂನೆ 20ರ ಹಿಂದಿನ ಅಂಕಿಯ ಜೊತೆ ಹೋಲಿಸಿ. ಹೋದ ಸಲ 210 ಬಿದ್ದ ಬೂತಿನಲ್ಲಿ 380 ಅಂತ ಬಂದಿದ್ದರೆ ಮನೆಗೇ ಹೋಗಿಲ್ಲ ಅಂತ ತಿಳಿಯಿರಿ. ಬೇರೆ ಬೀದಿಯವರೊಬ್ಬರನ್ನು ಕಳಿಸಿ ಹತ್ತು ಮನೆ ಮತ್ತೆ ಕೇಳಿಸಿ.

ಹೆಸರು ಸೇರಿಸಲು ನಮೂನೆ 6, ತೆಗೆಸಲು 7, ತಿದ್ದಲು ಮತ್ತು ವಿಳಾಸ ಬದಲಿಸಲು 8. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಮದುವೆಯಾಗಿ ಬಂದ ಸೊಸೆಯರ ಹೆಸರು ತವರಿನ ಪಟ್ಟಿಯಲ್ಲೇ ಕೂತಿರುವುದು ಪ್ರತಿ ಬೂತಿನಲ್ಲೂ ಸಿಗುತ್ತದೆ. ಪಕ್ಷದ ಬೂತ್ ಮಟ್ಟದ ಏಜೆಂಟ್ ಅಂತ ನಿಮ್ಮ ನೇಮಕವನ್ನು ಅಧಿಕೃತವಾಗಿ ಮಾಡಿಸಿಕೊಳ್ಳಿ, ಬಿಎಲ್‌ಒ (ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಜೊತೆ ಮಾತಾಡಲು ಬಲ ಬರುತ್ತದೆ.

ಕರಪತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದು ನಿಂತುಹೋದ ಸೌಲಭ್ಯವನ್ನು ಸರಿ ಮಾಡಿಸುವುದು. ಗೃಹಲಕ್ಷ್ಮಿ ಹಣ ಬರುತ್ತಿಲ್ಲ ಅನ್ನುವ ಮನೆಯಲ್ಲಿ ಬಹುಪಾಲು ಕಾರಣ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗದಿರುವುದು ಅಥವಾ ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಸರಿ ಇಲ್ಲದಿರುವುದು. ಪಕ್ಷ ಯಾವುದೇ ಇರಲಿ, ಆ ಮಹಿಳೆಯನ್ನು ಒಂದು ಸಲ ಬ್ಯಾಂಕಿಗೆ, ಒಂದು ಸಲ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಕರೆದುಕೊಂಡು ಹೋದವರನ್ನು ಮನೆಯವರು ಮರೆಯುವುದಿಲ್ಲ. ಆದರೆ ‘ನಾವು ಬಂದರೆ ಇದು ಕೊಡ್ತೀವಿ’ ಅಂತ ಹೆಸರು, ಫೋನ್ ನಂಬರ್ ಬರೆಸಿಕೊಂಡು ನೋಂದಣಿ ಮಾಡಬೇಡಿ. 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ ಇದನ್ನು ನಿಲ್ಲಿಸಿ ಅಂತ ಪಕ್ಷಗಳಿಗೆ ಹೇಳಿತು, ಲಂಚದ ಕಲಮಿನಡಿ ಬರಬಹುದು. ಬಾಡಿಗೆ ವಾಹನದಲ್ಲಿ ಮತದಾರರನ್ನು ಬೂತಿಗೆ ಸಾಗಿಸುವುದೂ, ಜಾತಿ ಧರ್ಮದ ಹೆಸರಲ್ಲಿ ಮತ ಕೇಳುವುದೂ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ಭ್ರಷ್ಟಾಚಾರವೇ. ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, 250 ಬೂತಿಗೆ ಹಂಚಿದರೆ ತಲಾ 16,000 ರೂಪಾಯಿ. ಎಲ್ಲಿ ನಿಲ್ಲುತ್ತದೆ ಅನ್ನೋದು ನಿಮಗೇ ಗೊತ್ತು.

ಮೈತ್ರಿ ಮಾಡಿಕೊಂಡರೆ ಮೂರನೆಯವರ ಸಮಸ್ಯೆಯೇ ಮುಗಿಯಿತಲ್ಲ ಅಂತ ಕೇಳಬಹುದು. 2019ರ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್, ಜೆಡಿಎಸ್ ಕೂಡಿ ನಿಂತು 28ರಲ್ಲಿ ಗೆದ್ದದ್ದು ಎರಡೇ. ತುಮಕೂರಿನಲ್ಲಿ ದೇವೇಗೌಡರೇ ಸೋತರು. 2024ರಲ್ಲಿ ಬಿಜೆಪಿ, ಜೆಡಿಎಸ್ ಕೂಡಿ 19 ಗೆದ್ದವು. ಕಾರಣ ಊರಿನಲ್ಲಿದೆ. ಹಳೇ ಮೈಸೂರಿನ ಬಹುತೇಕ ಹಳ್ಳಿಯಲ್ಲಿ ಸೊಸೈಟಿ, ಡೈರಿ, ಪಂಚಾಯಿತಿಯ ಎರಡು ಬಣಗಳೇ ಕಾಂಗ್ರೆಸ್ ಮತ್ತು ಜೆಡಿಎಸ್. ಬೆಳಿಗ್ಗೆ ಡೈರಿ ಅಧ್ಯಕ್ಷಗಿರಿಗೆ ಜಗಳವಾಡಿದವರು ಸಂಜೆ ಒಂದೇ ಜೀಪು ಹತ್ತುವುದಿಲ್ಲ. ಬಿಜೆಪಿ ಅಲ್ಲಿ ಆ ಜಗಳದಲ್ಲಿ ಅಷ್ಟಾಗಿ ಇರಲಿಲ್ಲ. ಹಾಸನದಲ್ಲಿ 2024ರಲ್ಲಿ 25 ವರ್ಷದ ಮೇಲೆ ಕಾಂಗ್ರೆಸ್ ಗೆದ್ದದ್ದನ್ನು ಇದಕ್ಕೆ ಎದುರು ಉದಾಹರಣೆ ಮಾಡಬೇಡಿ, ಆ ಚುನಾವಣೆಗೆ ಬೇರೆಯದೇ ಕಾರಣಗಳೂ ಇದ್ದವು.

ಮತದಾನದ ದಿನದ ಬಗ್ಗೆ ಎರಡೇ ಮಾತು. ಮತಗಟ್ಟೆ ಏಜೆಂಟ್ ಅಣಕು ಮತದಾನಕ್ಕೆ ಹೊತ್ತಿಗೆ ಸರಿಯಾಗಿ ಒಳಗಿರಬೇಕು, ಅದು ಮತದಾನಕ್ಕಿಂತ ಒಂದೂವರೆ ಗಂಟೆ ಮೊದಲೇ ಶುರುವಾಗುತ್ತದೆ. ಸಂಜೆ ಯಂತ್ರ ಮುಚ್ಚಿದ ಮೇಲೆ ನಮೂನೆ 17ಸಿ ಪ್ರತಿ ಕೈಗೆ ಸಿಗದೆ ಮನೆಗೆ ಬರಬಾರದು. ಎಷ್ಟು ಮತ ಬಿದ್ದಿದೆ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಎಣಿಕೆ ದಿನ ಟೇಬಲ್ ಮುಂದೆ ಕೂರುವವರು ಯಂತ್ರ ತೋರಿಸುವ ಮೊತ್ತವನ್ನು ಅದರ ಜೊತೆ ತಾಳೆ ನೋಡಲಿ. ಆ ಪ್ರತಿಯನ್ನು ಎಣಿಕೆ ಮುಗಿದ ಮೇಲೂ ಎಸೆಯದೆ ನಿಮ್ಮ ಪೆನ್ಸಿಲ್ ಗುರುತಿನ ಪಟ್ಟಿಯ ಜೊತೆ ಒಂದೇ ಫೈಲಿನಲ್ಲಿಡಿ. ನೀವು ಗುರುತು ಹಾಕಿದ್ದು ಎಷ್ಟು, ಬಂದದ್ದು ಎಷ್ಟು ಅಂತ ಅವತ್ತೇ ರಾತ್ರಿ ಒಂದು ಸಾಲು ಬರೆದಿಡಿ. ವಾರ ಕಳೆದರೆ ಎಲ್ಲರಿಗೂ ತಮ್ಮ ಬೂತಿನಲ್ಲಿ ಲೀಡ್ ಬಂದ ಹಾಗೇ ನೆನಪಿರುತ್ತದೆ.